ಕುಳ್ಳಾ, ಸಾಕು, ಬನ್ನಿ ಒಳಗೆ

ಮಾರ್ಚ್ 3, ಮಂಗಳವಾರ

ವಾರ್ಡಿನ ಬಾಗಿಲಲ್ಲೇ ಕಾಗುಣಿತದ ತಪ್ಪು. ‘ದಯವಿಟ್ಟು ನಿಶಬ್ದವಾಗಿರಿ.’ ಶಕಾರಕ್ಕೆ ಒತ್ತಿಲ್ಲ. ಕೆಲಸದ ವಯಸ್ಸನ್ನೆಲ್ಲ ಪತ್ರಿಕಾ ಕಚೇರಿಯಲ್ಲಿ ಕರಡು ತಿದ್ದುತ್ತಾ ಕಳೆದವನ ಕಣ್ಣಿಗೆ ಇದು ಮರಳು ಬಿದ್ದ ಹಾಗೆ. ಮಾತು ಕಳೆದುಕೊಂಡವರನ್ನೇ ಮಲಗಿಸಿರುವ ವಾರ್ಡಿಗೆ ಈ ಬೋರ್ಡು ಯಾಕೆ ಎಂಬುದು ಬೇರೆ ವಿಷಯ. ಕಾವಲುಗಾರನನ್ನು ಕರೆದು ತೋರಿಸಿದೆ. ಅವನು ಬೋರ್ಡನ್ನು ನೋಡಿದ, ನನ್ನನ್ನು ನೋಡಿದ. "ಮತ್ತೆ ನೀವು ಮಾತಾಡ್ತಾನೇ ಇದ್ದೀರಲ್ಲ ಸಾರ್" ಎಂದ.

ಅಕ್ಕನನ್ನು ಇವತ್ತು ತುರ್ತು ವಿಭಾಗದಿಂದ ಮೂರನೆಯ ಮಹಡಿಗೆ ತಂದರು. ಬಲಗೈ, ಬಲಗಾಲು ಎರಡೂ ಸುಮ್ಮನಾಗಿವೆ. ತುಟಿ ಒಂದು ಕಡೆಗೆ ಜಾರಿದೆ. ಮಾತು ಹೋಗಿದೆ. ಯಾರ ಮಾತು? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿಗೆ ಊರನ್ನೇ ಜೋಡಿಸಿದವಳ ಮಾತು. ‘ನಂಬರ್ ಹೇಳಿ’ ಎಂದು ಅವಳು ಕೇಳಿದರೆ ದೊಡ್ಡ ದೊಡ್ಡ ಅಧಿಕಾರಿಗಳೂ ಸ್ವಂತ ಮನೆಯ ನಂಬರಿಗೆ ತಡವರಿಸುತ್ತಿದ್ದರಂತೆ. ನನ್ನ ಹೆಂಡತಿ ಹೋದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ದಿನಾ ಬೆಳಿಗ್ಗೆ ನಾನು ಪತ್ರಿಕೆ ಓದಿ ಕೂಗಾಡುವುದು, ಅವಳು ಕಾಫಿ ಲೋಟ ತಂದಿಟ್ಟು "ಮುಗೀತಾ ಭಾಷಣ?" ಎನ್ನುವುದು. ಹಾಗೆ ನಡೆದುಕೊಂಡು ಬಂದಿತ್ತು.

ಈಗ ಅವಳಲ್ಲಿ ಉಳಿದಿರುವುದು ಒಂದೇ ಒಂದು ಪದ. "ಸಾಕು." ನೀರು ಕೊಟ್ಟರೆ ಸಾಕು. ದಿಂಬು ಸರಿಮಾಡಿದರೆ ಸಾಕು. ಚಮಚ ತುಟಿಯ ಹತ್ತಿರ ತಂದರೆ ಸಾಕು.

ನಿಘಂಟಿನಲ್ಲಿ ಅಷ್ಟೊಂದು ಪದಗಳಿರುವಾಗ ಅದೊಂದೇ ಏಕೆ ಉಳಿಯಿತು ಎಂದು ಡಾಕ್ಟರು ತಲೆ ಕೆರೆದುಕೊಳ್ಳುತ್ತಾರೆ. ನನಗೇನೂ ಆಶ್ಚರ್ಯವಿಲ್ಲ. ಈ ಆಸ್ಪತ್ರೆಯನ್ನು ಕಂಡ ಯಾವ ಸ್ವಾಭಿಮಾನಿಯ ಬಾಯಲ್ಲೂ ಕೊನೆಗೆ ಉಳಿಯುವುದು ಅದೇ.

ಮಾರ್ಚ್ 5, ಗುರುವಾರ

"ಬಾಯಿ ತೆಗಿ ಅಜ್ಜಿ, ಸೂಪು ತಣ್ಣಗಾಗುತ್ತೆ." ಅಂದದ್ದು ದೊಡ್ಡ ಸಿಸ್ಟರ್. ಇಡೀ ವಾರ್ಡು ಆಕೆಯನ್ನು ಹಾಗೆ ಕರೆಯುತ್ತದೆ. ವಯಸ್ಸಿನಲ್ಲಿ ದೊಡ್ಡವರೇನಲ್ಲ, ದನಿ ದೊಡ್ಡದು.

"ನನ್ನಕ್ಕನಿಗೆ ಏಕವಚನ ಬೇಡ" ಎಂದೆ. "ನಿಮಗಿಂತ ಎಷ್ಟು ಹಿರಿಯರು ಅವರು."

"ಬಾಯಿ ತೆಗೀರಿ ಅಂತ ಬೆಳಿಗ್ಗೆ ಬಹುವಚನದಲ್ಲೇ ಕೇಳ್ದೆ ಸಾರ್. ಆಗ್ಲೂ ತೆಗೀಲಿಲ್ಲ."

ಚಮಚ ಹತ್ತಿರ ಬಂತು. ಅಕ್ಕ "ಸಾಕು" ಎಂದಳು. ಅವಳ ಎಡಗೈ ಮಂಚದ ಅಂಚಿನಿಂದ ಕೆಳಗೆ ಜಾರಿ ತೂಗಾಡಿತು. ಸಿಸ್ಟರ್ ಆ ಕೈಯನ್ನು ಎತ್ತಿ, ಸೂಜಿ ಚುಚ್ಚಿದ ಜಾಗ ನೋಡಿ, ಹೊದಿಕೆಯೊಳಗೆ ಸೇರಿಸಿದರು. ಇನ್ನೊಂದು ಚಮಚ. ಮತ್ತೆ ಸಾಕು, ಮತ್ತೆ ಕೈ ಕೆಳಗೆ.

ಬಹುವಚನದ ಮಾತು ಬಂದಿದ್ದರಿಂದ ಅಪ್ಪ ನೆನಪಾದರು. ಅವರು ಹಳ್ಳಿಗಾಡಿನ ಒಂದು ರೈಲ್ವೆ ಗೇಟು ಕಾಯುತ್ತಿದ್ದವರು. ಹಳಿಯ ಪಕ್ಕದಲ್ಲೇ ಎರಡು ಕೋಣೆಯ ಕ್ವಾರ್ಟರ್ಸು, ಸುತ್ತಲೂ ಹೊಲ, ಕಣ್ಣು ಹಾಯುವಷ್ಟು ದೂರ ಇನ್ನೊಂದು ಮನೆಯಿಲ್ಲ. ನಮ್ಮ ಹತ್ತಿರ ಒಂದು ನಾಯಿಯಿತ್ತು. ಪುಟ್ಟದು, ಗೇಟಿನ ಸರಳುಗಳ ನಡುವೆ ನುಸುಳುವಷ್ಟು ಪುಟ್ಟದು. ಹೆಸರೂ ಅದಕ್ಕೆ ತಕ್ಕ ಹಾಗೆ, ಕುಳ್ಳ. ಸಂಜೆ ಅಪ್ಪ ಕಂದೀಲು ಹಚ್ಚಿ ಗೇಟಿನ ಕಂಬಕ್ಕೆ ತೂಗಿಹಾಕಿ, ಹೊಲದ ಕಡೆ ತಿರುಗಿ ಕೂಗುತ್ತಿದ್ದರು: "ಕುಳ್ಳಾ, ಸಾಕು, ಬನ್ನಿ ಒಳಗೆ." ಆಡಿದ್ದು ಸಾಕು, ಒಳಗೆ ಬನ್ನಿ. ನಾಯಿಗೂ ಬಹುವಚನ. ಹಾಗಿದ್ದರು ಆ ಕಾಲದ ಜನ. ಒಬ್ಬ ಗೇಟ್‌ಮನ್‌ಗೆ ಇದ್ದ ಸಂಸ್ಕಾರ ಇಂಥ ಆರು ಮಹಡಿಯ ಆಸ್ಪತ್ರೆಗೆ ಇಲ್ಲ.

ನನಗೆ ಆಗ ನಾಲ್ಕೋ ಐದೋ ವರ್ಷ. ಆದರೂ ಆ ದನಿ ಇನ್ನೂ ಕಿವಿಯಲ್ಲಿದೆ. ನನ್ನ ನೆನಪನ್ನು ಇದುವರೆಗೆ ಯಾರೂ ಪ್ರಶ್ನಿಸಿಲ್ಲ.

ಮಾರ್ಚ್ 7, ಶನಿವಾರ

ಮಾತು ಕಲಿಸಲು ಒಬ್ಬ ಹುಡುಗಿ ಬರುತ್ತಾಳೆ. ವಾರ್ಡಿನವರಿಗೆ ಆಕೆ ‘ಮಾತಿನ ಮೇಡಂ’. ನಾನು ಅಕ್ಕನಿಗೆ ಸಂಪಾದಕೀಯ ಓದಿ ಹೇಳುತ್ತಿದ್ದುದನ್ನು ನೋಡಿ, "ಇದು ಬೇಡ ಸಾರ್, ಮನೆ ಮಾತು ಆಡಿ, ಹಳೇದು ಏನಾದ್ರೂ" ಎಂದಳು.

"ಅವಳು ಸಾಕು ಅಂತಿದ್ದಾಳೆ. ಮೊದಲು ಅದಕ್ಕೆ ಬೆಲೆ ಕೊಡಿ" ಎಂದೆ.

"ಇಂಥ ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಒಂದೇ ಪದ ಉಳಿಯುತ್ತೆ ಸಾರ್. ಎಲ್ಲದಕ್ಕೂ ಅದನ್ನೇ ಹೇಳ್ತಾರೆ. ಪದ ಅದೇ ಇದ್ರೂ ಅರ್ಥ ಅದೇ ಇರಬೇಕು ಅಂತೇನಿಲ್ಲ."

ಪದ ಅದೇ ಇದ್ದರೆ ಅರ್ಥ ಬೇರೆ ಇರಬಹುದಂತೆ. ಹಾಗಾದರೆ ನಾನು ಅಷ್ಟು ವರ್ಷ ತಿದ್ದಿದ್ದೇನು, ಇರುವೆ ಸಾಲನ್ನೇ? ಮನೆಗೆ ಬಂದು ದಪ್ಪ ರಟ್ಟು ತೆಗೆದು, ಕಪ್ಪು ಶಾಯಿಯಲ್ಲಿ ದುಂಡಗೆ ಬರೆದೆ: ‘ಈ ರೋಗಿಯು ಸಾಕು ಎಂದರೆ ತಕ್ಷಣ ನಿಲ್ಲಿಸತಕ್ಕದ್ದು.’ ಸಂಜೆ ಒಯ್ದು ಮಂಚದ ತಲೆಯ ಕಡೆಗೆ ಕಟ್ಟಿದೆ. ಇಡೀ ಕಟ್ಟಡದಲ್ಲಿ ತಪ್ಪಿಲ್ಲದ ಬೋರ್ಡು ಅದೊಂದೇ.

ದೊಡ್ಡ ಸಿಸ್ಟರ್ ಓದಿ, ಚಮಚ ಬಟ್ಟಲಿಗೆ ಹಾಕಿ, "ಸರಿ ಬಿಡಿ" ಎಂದು ಟ್ರಾಲಿ ತಳ್ಳಿಕೊಂಡು ಹೋದರು. ಅಂತೂ ಅಕ್ಕನ ಮಾತಿಗೆ ಬೆಲೆ ಬಂತು.

ಮಾರ್ಚ್ 9, ಸೋಮವಾರ

ಹಳೇದು ಮಾತಾಡಿ ಎಂದಿದ್ದಳಲ್ಲ ಆ ಹುಡುಗಿ, ನೋಡೇ ಬಿಡೋಣ ಎಂದು ಕುಳ್ಳನ ವಿಷಯ ತೆಗೆದೆ. ತೆಗೆದದ್ದೇ ತಡ, ನನಗೇ ನಿಲ್ಲಿಸಲಾಗಲಿಲ್ಲ.

ಕುಳ್ಳನಿಗೆ ಚಪ್ಪಲಿಯ ಹುಚ್ಚು. ಬಂದವರ ಎಡಗಾಲಿನದು ಮಾತ್ರ ಕದಿಯುತ್ತಿದ್ದ. ಬಲಗಾಲಿನದನ್ನು ಮೂಸಿಯೂ ನೋಡುತ್ತಿರಲಿಲ್ಲ. ಎಲ್ಲವನ್ನೂ ಒಯ್ದು ನೀರಿನ ತೊಟ್ಟಿಯ ಹಿಂದೆ ಒಂದೇ ಕಡೆ ಗುಡ್ಡೆ ಹಾಕುತ್ತಿದ್ದ. ಇನ್‌ಸ್ಪೆಕ್ಟರು ತನಿಖೆಗೆ ಬಂದ ದಿನ ಅವರ ಬೂಟನ್ನು ಎಳೆಯಲಾಗದೆ ಲೇಸನ್ನಷ್ಟೇ ಬಿಚ್ಚಿಕೊಂಡು ಹೋದ. ಅವರು ಕಾಲೆತ್ತಿ ಹಾಕುತ್ತಾ ತನಿಖೆ ಮುಗಿಸಿದರು. ರೈಲು ಸೀಟಿ ಹಾಕಿದರೆ ಕತ್ತು ಮೇಲೆತ್ತಿ ಅದೇ ಶ್ರುತಿಗೆ ಊಳಿಡುತ್ತಿದ್ದ. ರೈಲು ಹೋಗಿ ಎಷ್ಟೋ ಹೊತ್ತಾದರೂ ಇವನದು ಮುಗಿಯುತ್ತಿರಲಿಲ್ಲ. ಹಳಿ ರಿಪೇರಿಯವರ ತಳ್ಳುಗಾಡಿ ಬಂದರೆ ಹತ್ತಿ ಕೂತು ಮುಂದಿನ ಸ್ಟೇಷನ್ನಿನವರೆಗೆ ಸವಾರಿ ಹೋಗುತ್ತಿದ್ದ. ಅಲ್ಲಿಂದ ಸ್ಟೇಷನ್ ಮಾಸ್ತರರು ಗೂಡ್ಸ್ ಗಾಡಿಯ ಗಾರ್ಡಿನ ಕೈಯಲ್ಲಿ ಕೊಟ್ಟು ಕಳಿಸಬೇಕು. ಗಾರ್ಡು ನಮ್ಮ ಗೇಟು ದಾಟುವಾಗ ಸಾಮಾನು ಒಪ್ಪಿಸುವ ಹಾಗೆ ಅಪ್ಪನ ತೋಳಿಗೆ ಎಸೆದು ಹೋಗುತ್ತಿದ್ದ.

ಮರದ ಡಬ್ಬಿಯಲ್ಲಿ ಅಮ್ಮ ಮುಚ್ಚಿಟ್ಟ ಸಕ್ಕರೆಯೂ ಮಾಯವಾಗುತ್ತಿತ್ತು. ಅಮ್ಮ ಒಳಗಿಂದ "ಕುಳ್ಳನದೇ ಕೆಲಸ" ಎಂದು ಕೂಗುತ್ತಿದ್ದಳು. ನಾಯಿಯೊಂದು ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆಯುತ್ತಿತ್ತು ಎಂದರೆ ಅದರ ಬುದ್ಧಿ ಎಂಥದು.

ಅಕ್ಕ ಕಣ್ಣು ಮಿಟುಕಿಸದೆ ಕೇಳಿದಳು. ಸಕ್ಕರೆಯ ಹತ್ತಿರ ಬಂದಾಗ ಬಾಯಿಯ ಸರಿಯಿರುವ ಅರ್ಧ ನಕ್ಕಿತು. ಅದು ನಗುವೇ. ನಾನು ಸರಿಯಾಗಿ ನೋಡಿದೆ.

ಮಾರ್ಚ್ 11, ಬುಧವಾರ

ಇವತ್ತು ಕೆಂಪು ಬಾವುಟದ ಕಥೆ ಹೇಳಿದೆ. ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಕಥೆಯಿಲ್ಲ. ಅಪ್ಪ ಮಧ್ಯಾಹ್ನ ಹಸಿರು ಬಾವುಟ ಹಿಡಿದು ನಿಂತಿದ್ದರು. ಕೆಂಪು ಬಾವುಟ ಜಗಲಿಯ ಮೇಲಿತ್ತು. ಕುಳ್ಳ ಅದನ್ನು ಎತ್ತಿಕೊಂಡು ಹಳಿಯ ಮೇಲೆ ಓಟ ಕಿತ್ತ. ಎದುರಿನಿಂದ ಗೂಡ್ಸ್ ಗಾಡಿ. ಡ್ರೈವರ್ ಬ್ರೇಕ್ ಹಾಕಿ, ಗಾಡಿ ಕಿರುಚಿ ನಿಂತು, ಆತ ಇಳಿದು ಬಂದು ಅಪ್ಪನಿಗೆ ಹೇಳಿದನಂತೆ: "ಕೆಂಪು ಬಾವುಟ ಕಂಡ್ರೆ ನಿಲ್ಸಬೇಕು ಅಂತ ನಿಯಮ. ಹಿಡಿದೋರು ಯಾರು ಅಂತ ನೋಡು ಅಂತ ನಿಯಮದಲ್ಲಿ ಬರೆದಿಲ್ಲ."

ಕಥೆ ಮುಗಿಸಿ ನಾನೇ ನಗುತ್ತಿದ್ದೆ. ಅಕ್ಕ ನಗಲಿಲ್ಲ. ತಲೆ ಆ ಕಡೆ ಈ ಕಡೆ ಆಡಿಸಿದಳು. "ಸಾಕು" ಎಂದಳು. ಎಡಗೈ ಎತ್ತಿ ನನ್ನ ಎದೆಗೆ ಬಡಿದಳು, ಮತ್ತೆ "ಸಾಕು, ಸಾಕು." ಕಣ್ಣಲ್ಲಿ ನೀರು ಬಂತು. ನಾನು ನಿಲ್ಲಿಸಿದೆ. ಬೋರ್ಡು ಬರೆದವನೇ ಪಾಲಿಸದಿದ್ದರೆ ಹೇಗೆ?

ಇನ್ನು ನಾಯಿಯ ಮಾತು ಎತ್ತುವುದಿಲ್ಲ.

ಮಾರ್ಚ್ 13, ಶುಕ್ರವಾರ

ಡಾಕ್ಟರು ಕರೆಸಿದ್ದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. ಮೆತ್ತಗೆ ಹೇಳಿದರೆ ಕಡಿಮೆ ನೋವಾಗುತ್ತದೆಂದು ಇವರಿಗೆ ಯಾರು ಹೇಳಿಕೊಡುತ್ತಾರೋ.

"ನಿಮ್ಮಕ್ಕ ಊಟ ತಗೋತಿಲ್ಲ. ತೂಕ ಇಳೀತಿದೆ. ವ್ಯಾಯಾಮಕ್ಕೂ ಸಹಕರಿಸ್ತಿಲ್ಲ. ಬರೋ ಶುಕ್ರವಾರ ನಾವೆಲ್ಲ ಕೂತು ತೀರ್ಮಾನ ಮಾಡ್ತೀವಿ. ಹೀಗೇ ಇದ್ರೆ ಮೂಗಿನಿಂದ ನಳಿಗೆ ಹಾಕಿ, ಆರೈಕೆ ಕೇಂದ್ರಕ್ಕೆ ಕಳಿಸಬೇಕಾಗುತ್ತೆ. ಇಲ್ಲಿನ ಮಂಚ, ಮಾತಿನ ಪಾಠ, ನಡೆಯೋ ಪಾಠ ಎಲ್ಲ ಕಲಿಯೋ ಮನಸ್ಸಿರೋರಿಗೆ."

"ಅವಳಿಗೆ ಮನಸ್ಸಿಲ್ಲ ಅಂತ ನಿಮಗೆ ಯಾರು ಹೇಳಿದ್ರು?"

ಅವರು ಬಾಗಿಲ ಕಡೆ ತಿರುಗಿದರು. ಬಾಗಿಲ ಸಂದಿಯಿಂದ ಅಕ್ಕನ ಮಂಚ ಕಾಣುತ್ತಿತ್ತು, ಅದರ ಮೇಲೆ ನನ್ನ ದುಂಡಗಿನ ಅಕ್ಷರ.

ಮನೆಗೆ ಬಂದು ರೋಗಿಯ ಹಕ್ಕುಗಳ ಬಗ್ಗೆ ಪತ್ರಿಕೆಗೆ ಬರೆಯಲು ಕೂತೆ. ಮೊದಲ ಪ್ಯಾರಾದಲ್ಲೇ ಪೆನ್ನು ನಿಂತಿತು. ನನಗೆ ಬೇರೆ ಏನೋ ನೆನಪಾಗುತ್ತಿತ್ತು. ಅಪ್ಪನಿಗೆ ವರ್ಗವಾಗಿ ನಾವು ಗೇಟು ಬಿಟ್ಟು ಹೊರಟ ದಿನ. ಲಾರಿಯಲ್ಲಿ ಸಾಮಾನಿನ ಮೇಲೆ ಅಕ್ಕ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅವಳಿಗೆ ಹನ್ನೆರಡೋ ಹದಿಮೂರೋ. ಹಿಂದಕ್ಕೆ ತಿರುಗಿ "ಸಾಕು, ಸಾಕು" ಎಂದು ಗಂಟಲು ಹರಿಯುವ ಹಾಗೆ ಅಳುತ್ತಿದ್ದಳು. ಅಷ್ಟು ಚಿಕ್ಕವಳಿದ್ದಾಗಲೇ ಅನ್ಯಾಯ ಸಹಿಸುತ್ತಿರಲಿಲ್ಲ ನಮ್ಮಕ್ಕ.

ಕಾಗದ ಮುಗಿಸಲಿಲ್ಲ.

ಮಾರ್ಚ್ 14, ಶನಿವಾರ

ಎರಡು ಚಮಚ. ಅಷ್ಟೇ.

ಮಾರ್ಚ್ 16, ಸೋಮವಾರ

ಬೆಳಿಗ್ಗೆ ಪತ್ರಿಕೆ ಬಿಚ್ಚಿದೆ. ಮೊದಲ ಪುಟದಲ್ಲೇ ಕೂಗಾಡುವಂಥ ಸುದ್ದಿಯಿತ್ತು. ಕೂಗಾಡಲಿಲ್ಲ. ಯಾರ ಎದುರಿಗೆ?

ಅವಳ ಲೋಟ ಕಪಾಟಿನಲ್ಲಿ ಬೋರಲು ಬಿದ್ದಿದೆ.

ಮಾರ್ಚ್ 17, ಮಂಗಳವಾರ

ಚಿಕ್ಕಮ್ಮ ಫೋನ್ ಮಾಡಿದ್ದಳು. ಅಮ್ಮನ ಕೊನೆಯ ತಂಗಿ. ಗೇಟಿನ ಮನೆಯಲ್ಲಿ ನಮ್ಮ ಜೊತೆಯಲ್ಲೇ ಇದ್ದು, ಅಲ್ಲಿಯೇ ಹತ್ತಿರದ ಊರಿಗೆ ಮದುವೆಯಾದವಳು. ಎಂಬತ್ತು ದಾಟಿದೆ, ನಾಲಿಗೆಗೆ ವಯಸ್ಸಾಗಿಲ್ಲ. ಮೊಮ್ಮಗಳು ನಂಬರ್ ಒತ್ತಿ ಕೊಡುತ್ತಾಳೆ. ಚಿಕ್ಕಮ್ಮ ಫೋನನ್ನು ನಂಬದೆ ಅಲ್ಲಿಂದ ಇಲ್ಲಿಗೆ ಕೇಳುವಷ್ಟು ಜೋರಾಗಿ ಮಾತಾಡುತ್ತಾಳೆ.

"ಹೇಗಿದ್ದಾಳೋ?"

ಎಲ್ಲ ಹೇಳಿದೆ. ಶುಕ್ರವಾರದ ತೀರ್ಮಾನವನ್ನೂ ಹೇಳಿದೆ. ಹಳೇದು ಮಾತಾಡಿಸಿ ಎಂದದ್ದಕ್ಕೆ ಕುಳ್ಳನ ಕಥೆ ಹೇಳಿದೆ, ಅದನ್ನೂ ಬೇಡ ಎಂದಳು ಎಂದೆ.

"ಯಾರ ಕಥೆ?"

"ನಮ್ಮ ನಾಯಿ ಚಿಕ್ಕಮ್ಮ. ಕುಳ್ಳ."

ಚಿಕ್ಕಮ್ಮ ಕೆಮ್ಮು ಬರುವ ತನಕ ನಕ್ಕಳು.

"ಅಯ್ಯೋ ಪೆದ್ದೇ, ಕುಳ್ಳ ನೀನು ಕಣೋ."

"ನಾನಾ?"

"ನೀನೇ. ಸ್ಟೂಲಿನಷ್ಟು ಎತ್ತರ ಇದ್ದೆ. ಈಗ ಬಾಗಿಲಿಗೆ ತಲೆ ತಾಗಿಸ್ಕೊಳ್ಳೋನು ಆಗ ಸ್ಟೂಲು. ನಾಯಿ ಹೆಸರು ಸಾಕು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನಿಮ್ಮಕ್ಕ ಎಲ್ಲಿಂದಲೋ ಒಂದು ಮರಿ ಮಡಿಲಲ್ಲಿ ಹಾಕ್ಕೊಂಡು ಬಂದ್ಲು. ಸಾಕೋಣಮ್ಮ, ಸಾಕೋಣಮ್ಮ ಅಂತ ಬೆಳಿಗ್ಗೆಯಿಂದ ನಿಮ್ಮಮ್ಮನ ತಲೆ ತಿಂದ್ಲು. ಒಲೆ ಮುಂದೆ ಬೆವೀತಾ ಇದ್ದ ನಿಮ್ಮಮ್ಮ ರೇಗಿ ‘ಸಾಕು’ ಅಂದ್ಲು. ಇವಳು ಒಂದೇ ಓಟಕ್ಕೆ ಗೇಟಿನ ಹತ್ರ ಹೋಗಿ ನಿಮ್ಮಪ್ಪನಿಗೆ, ‘ಅಮ್ಮ ಸಾಕು ಅಂದ್ಲಪ್ಪಾ’ ಅಂದ್ಲು. ನಿಮ್ಮಪ್ಪ, ‘ಅವಳೇ ಸಾಕು ಅಂದ ಮೇಲೆ ನಂದೇನಿದೆ, ಸಾಕು’ ಅಂದ್ರು. ಆಯ್ತಲ್ಲ, ನಾಯಿನೂ ಉಳೀತು, ಹೆಸರೂ ಇಟ್ಟಂಗಾಯ್ತು. ನಿಮ್ಮಮ್ಮ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ."

"ಹಾಗಾದ್ರೆ ಅಪ್ಪ ಸಂಜೆ ಕರೀತಿದ್ದುದು…"

"ನಿಮ್ಮಿಬ್ಬರನ್ನೂ. ಎಲ್ಲಿ ನೋಡಿದ್ರೂ ಜೋಡಿ. ಸಕ್ಕರೆ ಡಬ್ಬಿ ತೆಗೀತಿದ್ದೋನು ನೀನು, ಕೆಳಗೆ ಬಿದ್ದಿದ್ದು ನೆಕ್ತಿದ್ದದ್ದು ಅದು."

ಕುಳ್ಳಾ, ಸಾಕು, ಬನ್ನಿ ಒಳಗೆ. ಆ ಬಹುವಚನ ಗೌರವದ್ದಲ್ಲ. ನಾವು ಇಬ್ಬರಿದ್ದೆವು.

ಬಾವುಟದ ವಿಷಯ ಕೇಳಬಾರದಿತ್ತೋ ಏನೋ, ಕೇಳಿದೆ. ಚಿಕ್ಕಮ್ಮ ದನಿ ತಗ್ಗಿಸಿದಳು. ಅವಳ ಮಟ್ಟಿಗೆ ಅದು ಬಹಳ.

"ಬಾವುಟ ಎತ್ಕೊಂಡು ಹಳಿ ಮೇಲೆ ಓಡಿದ್ದು ನೀನು. ಸಾಕು ನಿನ್ನ ಚಡ್ಡಿ ಕಚ್ಚಿ ಪಕ್ಕಕ್ಕೆ ಎಳೀತಿತ್ತು. ಬೆರಳಷ್ಟು ಇದ್ದ ನಾಯಿ, ಬಿಡ್ಲೇ ಇಲ್ಲ. ಡ್ರೈವರ್ ನಿಲ್ಸಿದ್ದು ಬಾವುಟಕ್ಕಲ್ಲಪ್ಪ. ಮಗು ಹಳಿ ಮೇಲಿತ್ತು ಅಂತ ಗೊತ್ತಾದ್ರೆ ನಿಮ್ಮಪ್ಪನ ಕೆಲಸ ಹೋಗ್ತಿತ್ತು. ನಾಯಿ ಬಾವುಟ ಕಚ್ಕೊಂಡು ಓಡ್ತು ಅಂತ ಹೇಳಿದ್ರು. ಆ ಡ್ರೈವರ್ ಪುಣ್ಯಾತ್ಮ, ಹೂಂ ಅಂದ. ರೈಲ್ವೆಯವರು ನಿಮ್ಮಪ್ಪನನ್ನ ಬೇರೆ ಗೇಟಿಗೆ ಹಾಕಿ, ಕ್ವಾರ್ಟರ್ಸಲ್ಲಿ ನಾಯಿ ಇರಕೂಡದು ಅಂದ್ರು. ಅದನ್ನ ನಾನು ಇಟ್ಕೊಂಡೆ. ನಿಮ್ಮಕ್ಕ ಆಮೇಲೆ ನಿನ್ನನ್ನ ಕುಳ್ಳ ಅನ್ನೋದೂ ಬಿಟ್ಟುಬಿಟ್ಲು. ಒಂದು ಕರೆದ್ರೆ ಇನ್ನೊಂದು ಬಾಯಿಗೆ ಬರುತ್ತೆ ಚಿಕ್ಕಮ್ಮ, ಅಂತಿದ್ಲು."

"ಅದು… ಸೊರಗಿತಾ?"

"ಯಾವುದು, ಸಾಕುನಾ? ಬೆಕ್ಕಿಗೆ ಇಟ್ಟ ಹಾಲನ್ನೂ ಕುಡ್ಕೊಂಡು ದಪ್ಪಗಾಯ್ತು. ನನ್ನ ಗಂಡನ ಮನೇಲಿ ಒಂದು ಎಡಗಾಲಿನ ಚಪ್ಪಲಿ ಉಳಿಸಲಿಲ್ಲ. ಮುದಿಯಾಗಿ, ನಿದ್ದೆಯಲ್ಲೇ ಹೋಯ್ತು. ನಿಮ್ಮಕ್ಕನಿಗೆ ಹೇಳ್ದೆ. ಸುಮ್ನೆ ಸಮಾಧಾನಕ್ಕೆ ಹೇಳ್ತಿದ್ದೀನಿ ಅಂದ್ಕೊಂಡ್ಲು."

ಫೋನ್ ಇಡುವ ಮುಂಚೆ ಕೇಳಿದಳು: "ಚಮಚ ತಂದ್ರೆ ಸಾಕು ಅಂತಾಳೆ ಅಂದ್ಯಲ್ಲ, ಆಗ ಕೈ ಏನ್ಮಾಡ್ತಾಳೆ?"

"ಕೆಳಗೆ ಬಿಡ್ತಾಳೆ."

"ಹೂಂ. ಮೊದಲನೇ ತುತ್ತು ಅದಕ್ಕೇ ಅಲ್ವೇನೋ. ಕೈ ಕೆಳಗೆ ಬಿಟ್ಟು ಸಾಕು ಅನ್ನೋಳು, ಅದು ತಿಂದ ಮೇಲೆ ತಾನು ತಿನ್ನೋಳು. ನಿಮ್ಮಮ್ಮ ಸೌಟಲ್ಲಿ ಹೊಡೆದ್ರೂ ಬಿಡ್ಲಿಲ್ಲ."

ಅಕ್ಷರದಲ್ಲಿ ತಪ್ಪಿಲ್ಲ. ಸಕಾರಕ್ಕೆ ದೀರ್ಘ, ಕಕಾರಕ್ಕೆ ಕೊಂಬು, ಎಲ್ಲ ಸರಿಯಾಗಿದೆ. ಓದಿದವನು ತಪ್ಪು.

ಮಾರ್ಚ್ 18, ಬುಧವಾರ

ಊಟದ ಟ್ರಾಲಿ ಬರುವ ಮುಂಚೆಯೇ ಹೋಗಿ ಕೂತೆ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಚಮಚ ನಾನೇ ತೆಗೆದುಕೊಂಡೆ. ಅಕ್ಕ ನನ್ನನ್ನು ನೋಡಲಿಲ್ಲ, ಕಿಟಕಿಯ ಕಡೆ ಮುಖ. ಚಮಚ ಹತ್ತಿರ ತಂದೆ.

"ಸಾಕು" ಎಂದಳು. ಕೈ ಕೆಳಗೆ ಜಾರಿತು.

ಇಷ್ಟು ದಿನ ನಾನು ಮಾತು ಕೇಳಿದ್ದೆ, ದನಿ ಕೇಳಿರಲಿಲ್ಲ. ಸಾಕಾದವರು ಹಾಗೆ ಹೇಳುವುದಿಲ್ಲ. ಕೊನೆಯ ಉಕಾರವನ್ನು ಸ್ವಲ್ಪ ಎಳೆದು, ಮೇಲಕ್ಕೆತ್ತಿ, ಕಾಯುವ ಹಾಗೆ. ಅದು ಕರೆಯುವ ದನಿ.

ನಾನು ಕುರ್ಚಿಯಿಂದ ಇಳಿದೆ. ಮಂಡಿಯೂರಿ ನೆಲದ ಮೇಲೆ ಕೂತು, ಮೊದಲ ಚಮಚವನ್ನು ಅವಳ ಕೈಯ ಕೆಳಗೆ ಹಿಡಿದೆ. ಬೆರಳು ಆಡಿದವು. ಬಟ್ಟಲಿನ ಅಡಿಯ ತಟ್ಟೆಗೆ ಅದನ್ನು ಸುರಿದು, ಅವಳ ಅಂಗೈಯನ್ನು ನನ್ನ ಮೂಗಿನಿಂದ ಒಮ್ಮೆ ಮುಟ್ಟಿದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು.

"ತಿಂತು ಅಕ್ಕ" ಎಂದೆ. "ಸಾಕು ತಿಂತು. ಈಗ ನೀನು."

ಅವಳು ಈ ಕಡೆ ತಿರುಗಿದಳು. ನನ್ನನ್ನು ಎಷ್ಟೋ ಹೊತ್ತು ನೋಡಿದಳು. ಬಾಯಿ ತೆರೆದಳು.

ಬಟ್ಟಲು ಖಾಲಿಯಾಯಿತು. ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬಂದು, ಮಂಚದ ಕೆಳಗೆ ಅರ್ಧ ತೂರಿದ್ದ ನನ್ನ ಕಾಲುಗಳನ್ನು ನೋಡಿ, "ಏನ್ ಬಿತ್ತು ಸಾರ್?" ಎಂದರು.

"ಏನೂ ಬಿದ್ದಿಲ್ಲ. ನಾಯಿಗೆ ಊಟ ಹಾಕ್ತಿದ್ದೀನಿ."

ಅವರು ಬಗ್ಗಿ ನೋಡಿದರು. ಖಾಲಿ ನೆಲ. ಆಮೇಲೆ ಬಟ್ಟಲು ನೋಡಿದರು. ಅದೂ ಖಾಲಿ. "ಕಚ್ಚಲ್ಲ ತಾನೆ?" ಎಂದು ಕೇಳಿ ಟ್ರಾಲಿ ತಳ್ಳಿಕೊಂಡು ಹೋದರು.

ಮಾರ್ಚ್ 19, ಗುರುವಾರ

ಬೋರ್ಡು ಬಿಚ್ಚಿದೆ. ದಾರದ ಗಂಟು ಬಿಗಿಯಾಗಿತ್ತು, ಅಷ್ಟು ಬಿಗಿಯಾಗಿ ನಾನೇ ಕಟ್ಟಿದ್ದೆ.

ಮಧ್ಯಾಹ್ನ ಸಿಸ್ಟರ್ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಊಟ ಕೊಟ್ಟರು. "ಬಾಯಿ ತೆಗಿ ಅಜ್ಜಿ, ನಿನ್ನ ನಾಯಿದು ಆಯ್ತು." ಮೊದಲ ಚಮಚ ಕೆಳಗೆ ಹಿಡಿಯುವುದನ್ನು ಅವರು ನನಗಿಂತ ಚೆನ್ನಾಗಿ ಮಾಡುತ್ತಾರೆ, ಬಾಯಲ್ಲಿ ಚಪ್ಪರಿಸುವ ಸದ್ದು ಕೂಡ. ಅಕ್ಕ ಸೂಪು ಮುಗಿಸಿದಳು.

ಸಂಜೆ ಬಾವುಟದ ಕಥೆಯನ್ನು ಮತ್ತೆ ಹೇಳಿದೆ, ಸರಿಯಾಗಿ. ಅವಳು ನನ್ನ ಅಂಗಿಯ ತುದಿ ಹಿಡಿದು ತನ್ನ ಕಡೆಗೆ ಎಳೆದಳು. ಒಮ್ಮೆ, ಇನ್ನೊಮ್ಮೆ, ಬಿಡದೆ. "ಸಾಕು" ಎಂದಳು. ಮೊನ್ನೆ ಎದೆಗೆ ಬಡಿದು ಹೇಳಿದ್ದೂ ಇದೇ ಇರಬೇಕು. ಅದು ಮುದಿಯಾಗಿ ಸತ್ತದ್ದು ನಿಜ, ದಪ್ಪಗಾಗಿತ್ತಂತೆ, ಚಿಕ್ಕಮ್ಮ ಸುಳ್ಳು ಹೇಳಿಲ್ಲ ಎಂದೆ. ಎಡಗಾಲಿನ ಚಪ್ಪಲಿಗಳ ವಿಷಯವನ್ನೂ ಹೇಳಿದೆ. ಚಪ್ಪಲಿಯಿಂದ ನಂಬಿಕೆ ಬಂತು ಎಂದು ಕಾಣುತ್ತದೆ. ಅಂಗಿಯನ್ನು ಹಿಡಿದುಕೊಂಡೇ ನಿದ್ದೆ ಹೋದಳು. ಭೇಟಿಯ ಸಮಯ ಮುಗಿದ ಗಂಟೆ ಹೊಡೆಯಿತು. ಯಾರೂ ಎಬ್ಬಿಸಲು ಬರಲಿಲ್ಲ, ನಾನೂ ಏಳಲಿಲ್ಲ.

ಮಾರ್ಚ್ 20, ಶುಕ್ರವಾರ

ತೀರ್ಮಾನದ ಸಭೆ. ನಾಲ್ಕು ಜನ ಮೇಜಿನ ಆ ಕಡೆ, ನಾನು ಈ ಕಡೆ.

"ಮೂರು ದಿನದಿಂದ ಚೆನ್ನಾಗಿ ಊಟ ಮಾಡ್ತಿದ್ದಾರೆ. ಇವತ್ತು ಕೂತು ವ್ಯಾಯಾಮವನ್ನೂ ಮಾಡಿದ್ದಾರೆ" ಎಂದರು ಡಾಕ್ಟರು. "ಏನು ಬದಲಾಯ್ತು?"

ಹೇಳಿದೆ. ಮೊದಲಿಂದ ಕೊನೆಯ ತನಕ ಹೇಳಿದೆ. ರಟ್ಟಿನ ಬೋರ್ಡಿನ ಹತ್ತಿರ ಬಂದಾಗ ನೀರು ಕುಡಿದು ಮುಂದುವರಿಸಿದೆ. ಮಾತಿನ ಮೇಡಂ ತಲೆ ತಗ್ಗಿಸಿ ಪೆನ್ನಿನ ಕ್ಯಾಪು ತೆಗೆಯುತ್ತಾ ಹಾಕುತ್ತಾ ಇದ್ದಳು. ನಾನು ಹೇಳಿರಲಿಲ್ಲವೇ ಎಂದು ಅವಳು ಕೇಳಬಹುದಿತ್ತು, ಕೇಳಲಿಲ್ಲ.

"ಇದನ್ನ ಏನಂತ ಬರೀಲಿ?" ಎಂದರು ಡಾಕ್ಟರು.

"ನಾಯಿಗೆ ಊಟ ಹಾಕಿದ ಮೇಲೆ ರೋಗಿ ಊಟ ಮಾಡುತ್ತಾರೆ ಅಂತ ಬರೀರಿ."

"ಹಾಗೆ ಬರೆದ್ರೆ ನನ್ನನ್ನ ಬೇರೆ ವಾರ್ಡಿಗೆ ಸೇರಿಸ್ತಾರೆ."

ಎಲ್ಲರೂ ನಕ್ಕರು. ನಳಿಗೆ ಬೇಡ. ಮಂಚ ಮುಂದಿನ ತಿಂಗಳ ಕೊನೆಯವರೆಗೆ ಇರುತ್ತದೆ. ಆಮೇಲೆ ಮತ್ತೆ ನೋಡೋಣ ಎಂದರು.

ಹೊರಗೆ ಬರುವಾಗ ಬಾಗಿಲ ಬೋರ್ಡನ್ನು ತಿದ್ದಿದ್ದಾರೋ ಹಾಗೇ ಇದೆಯೋ, ನೋಡಲು ಮರೆತೆ.

ಮಾರ್ಚ್ 25, ಬುಧವಾರ

ಮಾತಿನ ಮೇಡಂ ಜೊತೆ ಕೂತು ಅಕ್ಕನ ಸಾಕುಗಳನ್ನು ವಿಂಗಡಿಸಿದೆವು. ಮೇಲಕ್ಕೆತ್ತಿದರೆ ಕರೆ. ಚಿಕ್ಕದಾಗಿ ಕತ್ತರಿಸಿದರೆ ನೋವು. ಎರಡು ಸಲ ಬೇಗ ಬೇಗ ಹೇಳಿದರೆ ನನ್ನ ಭಾಷಣ ಹೆಚ್ಚಾಯಿತು ಎಂದು ಅರ್ಥ. ಹಾಗಾದರೆ ಅಪ್ಪಟ ‘ಸಾಕು’ ಕೂಡ ಅದರೊಳಗೆ ಎಲ್ಲೋ ಇದೆ. ಇರಲಿ.

ಏಪ್ರಿಲ್ 2, ಗುರುವಾರ

ಈಗ ಚಮಚವನ್ನು ಎಡಗೈಯಲ್ಲಿ ಅವಳೇ ಹಿಡಿಯುತ್ತಾಳೆ. ಅರ್ಧ ಚೆಲ್ಲುತ್ತದೆ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿದ್ದರು. ಆಲೂಗಡ್ಡೆ ಬೇಯಿಸಿ ಹಿಸುಕಿದ್ದು ಬಟ್ಟಲಲ್ಲಿ. ನಾನು ಎಂದಿನಂತೆ ಮೊದಲ ತುತ್ತಿಗೆ ತಟ್ಟೆ ಹಿಡಿದು ಕೆಳಗೆ ಕೂತಿದ್ದೆ. ಮಂಡಿ ಈಚೆಗೆ ಅಷ್ಟು ನೋಯುವುದಿಲ್ಲ.

ಚಮಚ ಎದ್ದಿತು. ಕೆಳಗೆ ಬಂತು. ತಟ್ಟೆಯ ಮೇಲೆ ಬರಲಿಲ್ಲ, ನಡುಗುತ್ತಾ ನನ್ನ ಮುಖದ ಎದುರಿಗೆ ಬಂದು ನಿಂತಿತು. ನಾನು ತಲೆಯೆತ್ತಿದೆ. ಅಕ್ಕ ತುಟಿ ದುಂಡಗೆ ಮಾಡಲು ಒದ್ದಾಡುತ್ತಿದ್ದಳು. ಕ ಬಂತು, ನಿಂತಿತು. ಸಿಸ್ಟರ್ ಟ್ರಾಲಿಯ ಹತ್ತಿರ ಅಲ್ಲಾಡದೆ ನಿಂತರು. ಮತ್ತೆ ಕ. ನಾಲಿಗೆ ಮೇಲೆ ಹೋಗಿ ಮಡಚಿಕೊಳ್ಳುವುದು ಕಾಣುತ್ತಿತ್ತು.

"ಕುಳ್ಳ."

ಒತ್ತು ಸರಿಯಾಗಿತ್ತು.

ಬಾಯಿ ತೆರೆದೆ. ತಿನ್ನಿಸಿದಳು. ಉಪ್ಪು ಇರಲೇ ಇಲ್ಲ. ಅಡುಗೆಮನೆಯವರಿಗೆ ಹೇಳಲಿಲ್ಲ.